ಬೀಗರಿಗಿಂತ ಕಡಿಮೆ ಖರ್ಚು

ನನ್ನ ಮದುವೆ ಮುರಿದದ್ದು ಸಿಲೋನು, ಬರ್ಮಾ, ನೇಪಾಳ ದೇಶಗಳ ಬ್ಯಾಂಕುಗಳಿಂದ. ಹೀಗೆಂದರೆ ಹುಮನಾಬಾದಿನಲ್ಲಿ ಯಾರೂ ನಂಬುವುದಿಲ್ಲ. ಹುಡುಗಿಯಲ್ಲೇ ಏನೋ ಐಬು ಇದ್ದಿರಬೇಕು ಅನ್ನುತ್ತಾರೆ. ಅನ್ನಲಿ. ಊರ ಬಾಯಿಗೆ ನಾನೇನು ಬೀಗ ಹಾಕಲಿಕ್ಕೆ ಕೂತಿಲ್ಲ.

ನನ್ನ ಹೆಸರು ಕಾಂತಾ. ಗುಲಬರ್ಗಾದಲ್ಲಿ ಅರ್ಥಶಾಸ್ತ್ರದ ಬಿ.ಎ. ಮುಗಿಸಿ, ಮನೆಗೆ ಬಂದು, ಅವ್ವ ಯಶೋದಾಬಾಯಿಯ ಕೈಯಲ್ಲಿ ರೊಟ್ಟಿ ಬಡಿಯುವುದನ್ನು ಹೊಸದಾಗಿ ಕಲಿಯುತ್ತಿದ್ದೆ. ಅಪ್ಪ ವೈಜಿನಾಥ ಹುಮನಾಬಾದಿನಲ್ಲಿ ಒಂದು ಬ್ಯಾಂಕಿನ ಮ್ಯಾನೇಜರ್. ಅದೇ ಬ್ಯಾಂಕಿನ ಬಸವಕಲ್ಯಾಣ ಶಾಖೆಗೆ ತುಳಜಾರಾಮ ಎಂಬುವರು ಮ್ಯಾನೇಜರ್. ಅವರ ಮಗ ದಿಗಂಬರ ನೀರಾವರಿ ಇಲಾಖೆಯಲ್ಲಿ ಓವರ್‌ಸೀಯರ್. ಅವನಿಗೂ ನನಗೂ ಸಂಬಂಧ ಕುದುರಿ, ಸಕ್ಕರೆ ಹಂಚಿ, 1978ರ ಯುಗಾದಿಗೆ ಮುಂಚೆ ಮದುವೆ ಎಂದು ನಿಶ್ಚಯವಾಗಿತ್ತು.

ಹುಡುಗ ನನಗೆ ಇಷ್ಟವಾಗಿದ್ದ. ಮುಚ್ಚಿಡುವುದೇನು. ನೋಡಲು ಬಂದ ದಿನ ಅವರ ಕಡೆಯ ಮುದುಕಿಯೊಬ್ಬಳು, ಕಣ್ಣು ಚುರುಕಾಗಿವೆಯೋ ಇಲ್ಲವೋ ಪರೀಕ್ಷೆಯಾಗಲಿ ಎಂದು ನನ್ನ ಕೈಗೆ ಸೂಜಿ ದಾರ ಕೊಟ್ಟಳು. ಮೂರು ಸಲ ನೋಡಿದೆ, ದಾರ ಒಳಗೆ ಹೋಗಲಿಲ್ಲ. ಎದುರಿಗೆ ಕೂತಿದ್ದ ದಿಗಂಬರ ಮೆಲ್ಲಗೆ, "ನನಗೂ ಸೂಜಿ ಪೋಣ್ಸಾಕ ಬರಂಗಿಲ್ರಿ" ಅಂದ. ಅಷ್ಟೇ ಮಾತು. ಆ ಮಾತಿನ ಮೇಲೆ ನಾನು ಎರಡು ತಿಂಗಳು ಖುಷಿಯಾಗಿ ಕಳೆದೆ.

ಅಪ್ಪನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಬ್ಯಾಂಕಿಗೆ ಬಂದ ಲಕೋಟೆಗಳನ್ನು ಬಿಡಿಸಿ, ಒಳಮೈ ಹೊರಗೆ ಮಾಡಿ, ಅಂಟು ಹಚ್ಚಿ ಮತ್ತೆ ಟಪಾಲಿಗೆ ಹಾಕುತ್ತಿದ್ದ. ಬೆರಳಿಗೆ ಸಿಗದಷ್ಟು ಸಣ್ಣದಾದ ಪೆನ್ಸಿಲನ್ನು ಜೋಳದ ದಂಟಿಗೆ ಸಿಕ್ಕಿಸಿ ಬರೆಯುತ್ತಿದ್ದ. ಒಂದು ಮಗ್ಗುಲು ಖಾಲಿಯಿರುವ ಕಾಗದ ಕಂಡರಂತೂ ಅವನ ಕೈ ತಡೆಯುತ್ತಿರಲಿಲ್ಲ. ನನ್ನ ಮೆಟ್ರಿಕ್ಕಿನ ಅಂಕಪಟ್ಟಿಯ ಬೆನ್ನ ಮೇಲೆ ಇವತ್ತಿಗೂ ಶೇಂಗಾ ಎಣ್ಣೆಯ ಲೆಕ್ಕವಿದೆ. ಬ್ಯಾಂಕಿನ ಜವಾನ ಪೀರ್ ಪಾಷಾ ಬಂದವರಿಗೆಲ್ಲ ಹೇಳುತ್ತಿದ್ದ: "ನಮ್ಮ ಸಾಬ್‌ರು ಬಾಯಾಗಿನ ಉಗುಳ ಸೈತ ಉಳಸಿ ಸ್ಟ್ಯಾಂಪ್ ಹಚ್ಚತಾರ್ರಿ." ಅಪ್ಪನಿಗೆ ಇದು ಕೇಳಿಸಿದರೂ ಸಿಟ್ಟು ಬರುತ್ತಿರಲಿಲ್ಲ. "ಮಂದಿ ರೊಕ್ಕ ಅದ. ನಮ್ಮಪ್ಪಂದಲ್ಲ" ಅನ್ನುತ್ತಿದ್ದ.

ಬೀಗರದು ಬೇರೆಯೇ ಠಾಟು. ಬಸವಕಲ್ಯಾಣದ ಶಾಖೆಯಲ್ಲಿ ಸೋಫಾ ಇತ್ತು, ಹೂವಿನ ಪರದೆ ಇತ್ತು, ಇಬ್ಬರು ಜವಾನರಿದ್ದರು. ಒಬ್ಬ ಕೆಲಸಕ್ಕೆ, ಒಬ್ಬ ಸಲಾಮಿಗೆ. ಬಿಸಿಲು ತಡೆಯದೆ ನೆರಳಿಗೆ ಹತ್ತಿ ನಿಂತವನಿಗೂ ಅಲ್ಲಿ ಚಹಾ ಬರುತ್ತಿತ್ತು. "ಬ್ಯಾಂಕಂದ್ರ ದರ್ಬಾರ್ರಿ ಬೀಗರ, ದರ್ಬಾರ್!" ಎಂದು ತುಳಜಾರಾಮರು ಮೀಸೆಯ ಮೇಲೆ ಕೈಯಾಡಿಸುತ್ತಿದ್ದರು. ನಿಜಾಮ ಹೋಗಿ ಮೂವತ್ತು ವರ್ಷವಾಗುತ್ತ ಬಂದಿದ್ದರೂ ಅವರಿಗೆ ಆ ಸುದ್ದಿ ಪೂರ್ತಿ ಮುಟ್ಟಿರಲಿಲ್ಲ.

ಸಂಕ್ರಾಂತಿ ಮುಗಿದ ಮರುವಾರ ದತ್ತಾತ್ರಿ ಬಂದರು. ಅವರು ಡಾಕ್ಟರು, ಆದರೆ ಸೂಜಿ ಚುಚ್ಚುವವರಲ್ಲ. ನೆರೆದೇಶಗಳ ವಾಣಿಜ್ಯ ಬ್ಯಾಂಕುಗಳು ಎಷ್ಟು ಖರ್ಚಿನಲ್ಲಿ ಎಷ್ಟು ಕೆಲಸ ಮಾಡುತ್ತವೆ ಎಂದು ಅಳೆದು ಪದವಿ ಪಡೆದವರು. ಆ ದೇಶಗಳಿಗೆ ಒಂದಕ್ಕೂ ಹೋದವರಲ್ಲ. ಹಡಗಿನಲ್ಲಿ ಅವರಿಗೆ ವಾಂತಿ, ವಿಮಾನದಲ್ಲಿ ಕಿವಿನೋವು, ಬೆಟ್ಟದ ದಾರಿಯಲ್ಲಿ ತಲೆಸುತ್ತು. ಮುಂಬಯಿಯ ಲೈಬ್ರರಿಯೊಂದರಲ್ಲಿ ಫ್ಯಾನಿನ ಕೆಳಗೆ ಕೂತು ಸಿಲೋನು, ಬರ್ಮಾ, ನೇಪಾಳಗಳನ್ನು ಜಾಲಾಡಿದ್ದರು. ಇಂಥ ವಿದ್ವಾಂಸರನ್ನು ನೌಕರಿಗೆ ಇಟ್ಟುಕೊಂಡ ಬ್ಯಾಂಕಿನ ಹೆಡ್ಡಾಫೀಸಿಗೆ ಆಮೇಲೆ ಇವರಿಗೆ ಏನು ಕೆಲಸ ಕೊಡುವುದೆಂದು ತಿಳಿಯಲಿಲ್ಲ. ಅಕ್ಕಪಕ್ಕದ ಶಾಖೆಗಳನ್ನು ಅಳೆಯಿರಿ ಎಂದು ನಮ್ಮ ಕಡೆ ಅಟ್ಟಿದರು. ಯಾವ ಶಾಖೆಯ ಖರ್ಚು ಹೆಚ್ಚೋ ಅದನ್ನು ಇನ್ನೊಂದರ ಕೈಕೆಳಗೆ ಹಾಕುವುದೆಂದು ಮೊದಲೇ ತೀರ್ಮಾನವಾಗಿತ್ತು. ಸೋತ ಮ್ಯಾನೇಜರು ಇನ್ನುಮುಂದೆ ಚಹಾದ ಬಿಲ್ಲಿಗೂ ಗೆದ್ದ ಮ್ಯಾನೇಜರನ ಸಹಿ ಬೇಡಬೇಕು.

ಬಸ್ಸಿನಿಂದ ಇಳಿದವರೇ ದತ್ತಾತ್ರಿ ಪೀರ್ ಪಾಷಾನನ್ನು ಕೇಳಿದರಂತೆ: "ಎರಡೂ ಶಾಖೆಗಳ ಗಡಿ ಎಲ್ಲಿ ಬರುತ್ತದೆ?"

"ಸಸ್ತಾಪುರ ಬಂಗ್ಲಾದಾಗ್ರಿ ಸಾಬ್," ಅಂದನಂತೆ ಇವನು. "ಅಲ್ಲಿ ಬಸ್ ನಿಂದರತದ. ಭಜ್ಜಿ ತಿಂದು ಆ ಕಡೀ ಹೋಗಬೇಕು. ಪಾಸ್‌ಪೋರ್ಟ್ ಯಾರೂ ಕೇಳಂಗಿಲ್ಲ."

ದತ್ತಾತ್ರಿ ಅದನ್ನೂ ಬರೆದುಕೊಂಡರು.

ಹುಮನಾಬಾದಿನ ಲಾಡ್ಜಿನ ಖಾರ ಅವರ ಹೊಟ್ಟೆಗೆ ಒಗ್ಗದೆ ಊಟಕ್ಕೆ ನಮ್ಮ ಮನೆಗೇ ಬರತೊಡಗಿದರು. ಪಾಪದ ಮನುಷ್ಯ, ಮೊಸರು ಕಂಡರೆ ಮುಖ ಅರಳುತ್ತಿತ್ತು. ನಾನು ಅರ್ಥಶಾಸ್ತ್ರ ಓದಿದವಳೆಂದು ತಿಳಿದ ಮೇಲೆ ನನಗೂ ಪಾಠ ಶುರುವಾಯಿತು.

"ನೋಡಿ, ನಿಮ್ಮ ತಾಯಿ ಒಂದು ಸೇರು ಹಿಟ್ಟಿನಲ್ಲಿ ಇಷ್ಟು ರೊಟ್ಟಿ ಮಾಡುತ್ತಾರೆ. ಪಕ್ಕದ ಮನೆಯವರು ಅದೇ ಹಿಟ್ಟಿನಲ್ಲಿ ಇನ್ನೂ ನಾಲ್ಕು ಹೆಚ್ಚು ಮಾಡಿದರೆ ಅವರೇ ಅಳತೆಗೋಲು. ಅವರಿಂದ ನಿಮ್ಮ ತಾಯಿ ಎಷ್ಟು ಹಿಂದಿದ್ದಾರೆ ಅನ್ನುವುದೇ ದಕ್ಷತೆಯ ಲೆಕ್ಕ."

ಅವ್ವ ಒಲೆಯ ಮುಂದಿನಿಂದಲೇ ತಿರುಗಿದಳು. "ಬಾಜೂ ಮನಿ ಸುಮನಬಾಯಿ ರೊಟ್ಟಿ ಹಿಡದ್ರ ಆಚೀ ಗ್ವಾಡಿ ಕಾಣತದ್ರಿ. ಎರಡು ತಿಂದ್ರೂ ಹೊಟ್ಟಿ ತುಂಬಂಗಿಲ್ಲ. ಅದನ್ನೂ ಲೆಕ್ಕದಾಗ ಹಿಡೀರಿ."

ದತ್ತಾತ್ರಿ ಸ್ವಲ್ಪ ಯೋಚಿಸಿ, "ಗುಣಮಟ್ಟದ ವ್ಯತ್ಯಾಸ. ಬರ್ಮಾದಲ್ಲೂ ಇದೇ ತೊಂದರೆ ಆಗಿತ್ತು" ಅಂದರು. ನನಗೆ ನಗು ತಡೆಯಲಾಗಲಿಲ್ಲ.

ನಗು ಭಾನುವಾರದವರೆಗೆ ಬಾಳಿತು. ಆ ದಿನ ತುಳಜಾರಾಮರು ಬಸವಕಲ್ಯಾಣದಿಂದ ಬಂದು ನಮ್ಮ ಪಡಸಾಲೆಯಲ್ಲಿ ಲೋಡಿಗೆ ಒರಗಿ ಕೂತರು. ನಮ್ಮ ಕಡೆ ಮಾನಪಾನ ಅನ್ನುವುದೊಂದಿದೆ. ಗಂಡಿನವರಿಗೆ ಮೊದಲ ಚಹಾ, ಗಂಡಿನವರಿಗೆ ಎತ್ತರದ ಆಸನ; ಹೆಣ್ಣಿನ ತಂದೆ ಅವರಿಗಿಂತ ಒಳ್ಳೆಯ ರುಮಾಲು ಸುತ್ತುವಂತಿಲ್ಲ, ಅವರಿಗಿಂತ ಮೊದಲು ಊಟ ಮುಗಿಸಿ ಏಳುವಂತಿಲ್ಲ. ಇದು ಸಣ್ಣಂದಿನಿಂದ ನೋಡಿದ್ದೆ. ಅದಕ್ಕೆ ಹೊಸದೊಂದು ಕಲಮು ಸೇರಿದ್ದು ಅವತ್ತು.

"ಬೀಗರ, ಹೆಣ್ಣಿನ ಕಡೀದವ್ರು ನೀವು," ಅಂದರು ತುಳಜಾರಾಮರು. "ನಾಳಿ ನಾ ಚಾದ ಬಿಲ್ ಹಿಡಕೊಂಡು ನಿಮ್ಮ ಸಹೀಗಿ ನಿಂತ್ರ, ಮಂದಿ ನನ್ನ ಮಾರಿ ಹ್ಯಾಂಗ ನೋಡಬೇಕು?"

"ಅದು ದತ್ತಾತ್ರಿ ಸಾಹೇಬ್ರ ಲೆಕ್ಕರಿ. ನನ್ನ ಕೈಯಾಗ ಏನದ?" ಅಂದ ಅಪ್ಪ.

"ನಿಮ್ಮ ಕೈಯಾಗ ಖರ್ಚದಲ್ಲ! ಜರಾ ಕೈ ಬಿಚ್ಚರಿ. ನಮ್ಮಕಿಂತಾ ಒಂದ್ ಮೆಟ್ಟಲ ಜಾಸ್ತಿ ಖರ್ಚ ತೋರಸ್ರಿ. ಪೋರಿ ಸಲುವಾಗಿ ಅಷ್ಟೂ ಮಾಡಂಗಿಲ್ಲೇನು?"

ತುಳಜಾರಾಮರು ಎರಡನೆಯ ಸಲ ಶಿರಾ ಹಾಕಿಸಿಕೊಂಡು, ತಿಂದು, ಹೋದರು.

ಮರುದಿನದಿಂದ ನನ್ನ ಅಪ್ಪ ದುಂದು ಮಾಡಲು ಕಲಿಯತೊಡಗಿದ. ಅದರಷ್ಟು ಹೊಟ್ಟೆ ಹುಣ್ಣಾಗುವಂತೆ ನಗಿಸುವ ದೃಶ್ಯ ನಾನು ಬೇರೆ ನೋಡಿಲ್ಲ. ಪುಷ್ಯದ ಚಳಿಯಲ್ಲಿ ಬ್ಯಾಂಕಿನ ಫ್ಯಾನುಗಳನ್ನೆಲ್ಲ ಒಟ್ಟಿಗೆ ಹಾಕಿಸಿದ. ಹಳ್ಳಿಖೇಡದಿಂದ ಕಬ್ಬಿನ ಹಣ ತೆಗೆಯಲು ಬಂದ ರೈತರು ಕಂಬಳಿ ಹೊದ್ದು ಪಾಳಿಯಲ್ಲಿ ನಿಂತರು. ನೆಲಕ್ಕೆ ಗಾಲೀಚೆ ತರಿಸಿದ. ತರಿಸಿ, ಹೊಲಸಾದೀತೆಂದು ಸುತ್ತಿ ಮೂಲೆಗೆ ನಿಲ್ಲಿಸಿದ. ಎಲ್ಲರಿಗೂ ಚಹಾ ಎಂದು ಹುಕುಂ ಮಾಡಿ, ಹೋಟೆಲಿನ ಮಾರುತಿಯನ್ನು ಪಕ್ಕಕ್ಕೆ ಕರೆದು, "ಅರ್ಧರ್ಧ ಕಪ್ ಹಾಕು" ಎಂದು ಕಿವಿಯಲ್ಲಿ ಹೇಳಿದ. ಬಿಲ್ಲು ಪೂರ್ತಿಯದೇ ಬರಲಿ ಎಂದು ಹೇಳಲು ಮಾತ್ರ ಅವನ ಬಾಯಿಗೆ ಆಗಲಿಲ್ಲ.

ಪೀರ್ ಪಾಷಾ ಗಾಬರಿಯಾಗಿ ನಮ್ಮ ಮನೆಗೆ ಬಂದ. "ಬಾಯೀ, ಸಾಬ್‌ರಿಗಿ ಏನೋ ಹಿಡದದ. ಹೊಸಾ ಲಕೋಟಿ ತರಸ್ಯಾರ. ಹಳೀವು ಹರದ್ ಒಗೀ ಅಂತಾರ." ಅವ್ವನ ಕೈಯಲ್ಲಿ ಒಂದು ತಾಯಿತ ಕೊಟ್ಟು, ದಿಂಬಿನ ಕೆಳಗಿಡಿ ಎಂದು ಹೇಳಿ ಹೋದ.

ಒಂದು ಸಂಜೆ ಅಪ್ಪನಿಗೆ ಚಹಾ ಕೊಡಲು ಹಿತ್ತಲಿಗೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತು ಬ್ಯಾಂಕಿಗೆ ತರಿಸಿದ ಹೊಸ ಪೆನ್ಸಿಲುಗಳನ್ನು ಒಂದಾದ ಮೇಲೊಂದು ಹೆರೆಯುತ್ತಿದ್ದ. ಬರೆಯಲು ಅಲ್ಲ, ಬರೀ ಸವೆಸಲು. ಹೆರೆದ ಪುಡಿಯನ್ನು ಚೆಲ್ಲಲು ಮನಸ್ಸಾಗದೆ ಧೋತರದ ಮಡಿಕೆಯಲ್ಲಿ ಕೂಡಿಸಿಕೊಂಡಿದ್ದ. ನನ್ನನ್ನು ಕಂಡು, "ಇದು ಭಾಳ್ ಕಠಿಣ ಕೆಲಸ ಅದವ್ವಾ" ಅಂದ. ನನಗೆ ಅಳು ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು. ತುಳಜಾರಾಮರ ಮೇಲಷ್ಟೇ ಅಲ್ಲ, ಇದಕ್ಕೆಲ್ಲ ಕಾರಣವಾದ ನನ್ನ ಮದುವೆಯ ಮೇಲೂ ಬಂತು. ಆದರೂ ಮದುವೆ ಬೇಡ ಅನ್ನುವ ಧೈರ್ಯ ಬರಲಿಲ್ಲ. ದಿಗಂಬರನ ಸೂಜಿಯ ಮಾತು ಅಡ್ಡ ಬರುತ್ತಿತ್ತು.

ಅಷ್ಟರಲ್ಲಿ ಲಗ್ನಪತ್ರಿಕೆಗಳೂ ಅಚ್ಚಾಗಿ ಬಂದವು. ಗಂಡಿನವರ ಅಪ್ಪಣೆಯಂತೆ ದಪ್ಪ ಕಾರ್ಡು, ಬಂಗಾರದ ಗಣಪತಿ, ಮೊದಲು ಅವರ ಕಡೆಯ ಹೆಸರುಗಳು ದೊಡ್ಡಕ್ಷರದಲ್ಲಿ, ಆಮೇಲೆ ನಮ್ಮವು. ಅಪ್ಪ ಒಂದನ್ನು ಎತ್ತಿ ತಿರುವಿ ನೋಡಿದ. "ಇಷ್ಟ್ ಛಲೋ ಕಾಗದ. ಹಿಂದಿನ ಮಗ್ಗಲಾ ಹಂಗೇ ಖಾಲಿ ಬಿಟ್ಟಾರಲ್ಲ" ಎಂದು ಒಳಗಿಂದ ಮರುಗಿದ.

ಶಿವರಾತ್ರಿ ಕಳೆದ ಮೇಲೆ ದತ್ತಾತ್ರಿಯವರ ವರದಿ ಬಂತು. ಪಾಪದ ಮನುಷ್ಯ ಎಂದು ನಾನು ಮರುಕಪಟ್ಟದ್ದು ದಂಡ. ಅಳೆಯುವವನು ಬಂದಾಗ ಜನ ಬದಲಾಗುತ್ತಾರೆ ಅನ್ನುವುದು ಅವರಿಗೆ ಸಿಲೋನಿನ ಕಾಲದಿಂದಲೇ ಗೊತ್ತಿತ್ತು. ಅದಕ್ಕೇ ಹಿಂದಿನ ವರ್ಷಗಳ ಲೆಕ್ಕವನ್ನಷ್ಟೇ ಹಿಡಿದಿದ್ದರು. ನೆರೆಹೊರೆಯಲ್ಲಿ ಹುಮನಾಬಾದು ಅಳತೆಗೋಲು. ಬಸವಕಲ್ಯಾಣ ಅದೇ ಕೆಲಸಕ್ಕೆ ಹತ್ತಿರ ಹತ್ತಿರ ಎರಡರಷ್ಟು ಖರ್ಚು ಮಾಡುತ್ತಿದೆ. ಈ ಚಳಿಗಾಲದಲ್ಲಿ ಹುಮನಾಬಾದಿನಲ್ಲಿ ಕಂಡ ಹಠಾತ್ ವೆಚ್ಚ ಆಕಸ್ಮಿಕ, ಆದ್ದರಿಂದ ಅದನ್ನು ಕೈಬಿಡಲಾಗಿದೆ. ಅಪ್ಪ ಈ ಸಾಲನ್ನು ಎರಡು ಸಲ ಓದಿದ. ಜೀವಮಾನದಲ್ಲಿ ಒಮ್ಮೆ ದುಂದು ಮಾಡಿದ್ದ, ಅದೂ ದಂಡವಾಗಿತ್ತು.

ಮಾರನೆಯ ದಿನವೇ ಬೀಗರು ಒಂದು ಜೀಪು ತುಂಬ ಜನರೊಡನೆ ಬಂದಿಳಿದರು. ದಿಗಂಬರನೂ ಇದ್ದ. ಸಿಟ್ಟಿನಲ್ಲಿ ಬಂದವರಿಗೂ ಮಾನಪಾನ ತಪ್ಪಿಸುವಂತಿಲ್ಲವಲ್ಲ. ಅವ್ವ ಚುರಮುರಿ ಸೂಸಲಾ ಮಾಡಿದಳು, ಭಜ್ಜಿ ಕರಿದಳು. ಎಲ್ಲ ತಿಂದು, ನೀರು ಕುಡಿದು, ಮೀಸೆ ಒರೆಸಿಕೊಂಡು ತುಳಜಾರಾಮರು ವಿಷಯಕ್ಕೆ ಬಂದರು.

"ಇನ್ನೂ ಟೈಮದ. ಹೆಡ್ಡಾಫೀಸಿಗಿ ಬರೀರಿ. ಇಷ್ಟು ವರ್ಷ ನಾ ಖರ್ಚ ಮುಚ್ಚಿಟ್ಟೀನಿ, ಲೆಕ್ಕ ಸುಳ್ಳದ, ಅಂತ ಬರೀರಿ. ಬರದ್ರ ಲಗ್ನ. ಇಲ್ಲಂದ್ರ ಪತ್ರಿಕಾ ನಿಮ್ಮ ಮನ್ಯಾಗೇ ಇಟ್ಕೋರಿ."

ತನ್ನ ಅಪ್ಪನದಲ್ಲದ ಹಣವೆಂದು ಉಗುಳನ್ನೂ ಉಳಿಸಿದ ಮನುಷ್ಯ ಈಗ ತಾನೇ ಕಳ್ಳನೆಂದು ಬರೆದುಕೊಡಬೇಕು. ಅಪ್ಪ ನನ್ನ ಕಡೆ ನೋಡಿದ. ಅಂಗಿಯ ಜೇಬಿನಿಂದ ಪೆನ್ನು ತೆಗೆದ, ಅದರ ಟೋಪಿ ಬಿಚ್ಚಿದ, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡ. ಬರೆಯಲಿಕ್ಕೇ ಹೊರಟಿದ್ದ. ನನಗಾಗಿ.

ನಾನು ದಿಗಂಬರನ ಕಡೆ ನೋಡಿದೆ. ಅವನು ಅಡಕೆ ಕತ್ತರಿಸುತ್ತಿದ್ದ. ಇಡೀ ಪಡಸಾಲೆಯಲ್ಲಿ ಅವನೊಬ್ಬನಿಗೇ ಅಷ್ಟು ತುರ್ತಿನ ಕೆಲಸವಿತ್ತು.

ಮದುವೆಯಾಗುವ ಹುಡುಗಿ ಹಿರಿಯರ ನಡುವೆ ಬಾಯಿ ಹಾಕುವುದು ನಮ್ಮಲ್ಲಿಲ್ಲ. ನಾನು ಹಾಕಿದೆ. "ನೀವೇನಂತೀರ್ರಿ?" ಎಂದು ನೇರವಾಗಿ ಅವನನ್ನೇ ಕೇಳಿದೆ.

ಅವನ ಕೈಯಲ್ಲಿನ ಅಡಕತ್ತರಿ ನಿಂತಿತು. ನನ್ನನ್ನು ನೋಡಿದ, ತನ್ನ ತಂದೆಯನ್ನು ನೋಡಿದ.

"ಹೇಳಪಾ ದಿಗಂಬರ," ಅಂದರು ತುಳಜಾರಾಮರು. "ನಾ ಹೇಳಿದ್ದು ಬರೋಬರ್ ಅದ ಇಲ್ಲ?"

"ಹೌದ್ರಿ ಅಪ್ಪಾ," ಅಂದ ಅವನು.

ಸೂಜಿಯ ಮಾತಾಡಿದ ಬಾಯಿಯೂ ಅದೇ. ನನಗೆ ಎಷ್ಟು ನೋವಾಯಿತೆಂದರೆ ಒಂದು ಕ್ಷಣ ಕಣ್ಣಿಗೆ ಏನೂ ಕಾಣಲಿಲ್ಲ. ಆಮೇಲೆ ಚೆನ್ನಾಗಿಯೇ ಕಂಡಿತು. ಎದ್ದು ಹೋಗಿ, ಅಪ್ಪನ ಪಕ್ಕದಲ್ಲಿದ್ದ ಪೆನ್ನಿನ ಟೋಪಿಯನ್ನು ಎತ್ತಿಕೊಂಡೆ. "ಮುಚ್ಚರಿ ಅಪ್ಪಾ. ಖಾಲಿ ಪೀಲಿ ಸ್ಯಾಹಿ ದಂಡ ಆಗತದ" ಅಂದೆ.

ಅಪ್ಪ ನನ್ನ ಮುಖ ನೋಡಿದ. ಶಾಯಿ ದಂಡವಾಗುವುದೆಂದರೆ ಅವನಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಪೆನ್ನಿಗೆ ಟೋಪಿ ಹಾಕಿ ಜೇಬಿಗೆ ಸಿಕ್ಕಿಸಿಕೊಂಡ. ಬೀಗರು, ಅಂದರೆ ಅಲ್ಲಿಯವರೆಗೆ ಬೀಗರಾಗಿದ್ದವರು, ಧಡಬಡ ಎದ್ದು ಜೀಪು ಹತ್ತಿದರು. ಹೋಗುವಾಗ ಅವರ ಕಡೆಯ ಮುದುಕಿ, "ಸೂಜಿ ಪೋಣ್ಸಾಕ ಬರಲಾರದಾಕಿ ಮತ್ತೇನ್ ಸಂಸಾರ ಮಾಡತಿದ್ಳು" ಅಂದಳು. ಆ ಮಾತಿಗೂ ದಿಗಂಬರ ಹಿಂತಿರುಗಿ ನೋಡಲಿಲ್ಲ.

ಅವ್ವ ಕೆಲವು ದಿನ ನನ್ನೊಡನೆ ಮಾತು ಬಿಟ್ಟಳು. ಊರು ಮಾತು ಹೆಚ್ಚಿಸಿ ಸರಿದೂಗಿಸಿತು. ಏಪ್ರಿಲಿನಿಂದ ಬಸವಕಲ್ಯಾಣದ ಚಹಾದ ಬಿಲ್ಲುಗಳು ಅಪ್ಪನ ಸಹಿಗೆ ಬರತೊಡಗಿದವು. ಅಪ್ಪ ಒಂದನ್ನೂ ತಿರಸ್ಕರಿಸಲಿಲ್ಲ. ಎಲ್ಲವನ್ನೂ ಅರ್ಧಕ್ಕೆ ಇಳಿಸಿ ಮಂಜೂರು ಮಾಡಿದ. ವರ್ಷದೊಳಗೆ ತುಳಜಾರಾಮರು ಬೇರೆ ಜಿಲ್ಲೆಗೆ ವರ್ಗ ಕೇಳಿಕೊಂಡು ಹೋದರು.

ಒಂದು ದಿನ ಬೆಳಿಗ್ಗೆ ಅಪ್ಪ ಗೋಡೆಯ ಮಾಡದೊಳಗಿದ್ದ ಲಗ್ನಪತ್ರಿಕೆಗಳ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಹೊರಟ. ಸುಡಲು ಒಯ್ಯುತ್ತಿದ್ದಾನೆ ಅಂದುಕೊಂಡೆ. ಬಾಗಿಲಲ್ಲಿ ನಿಂತು ಅಳುಕುತ್ತ ಕೇಳಿದ: "ಹಿಂದಿನ ಮಗ್ಗಲಾ ಖಾಲಿ ಅದ. ಬ್ಯಾಂಕಿಗಿ ಒಯ್ಲೇನವ್ವಾ?"

ನನಗೆ ಕೆಂಡದಂಥ ಕೋಪ ಬಂತು. ಮಗಳ ಮುರಿದ ಮದುವೆಯಲ್ಲೂ ಉಳಿತಾಯ ಕಾಣುವ ಮನುಷ್ಯ! ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಗಂಟು ಕೆಳಗಿಳಿಸದೆ ಎಲ್ಲ ಕೇಳಿಸಿಕೊಂಡ. ಬೈದು ಬೈದು ದಣಿದ ಮೇಲೆ ಯಾಕೋ ನಗು ಬಂತು. "ಒಯ್ರಿ" ಅಂದೆ.

ಹೀಗೆ ಕಾರ್ಡುಗಳು ಬ್ಯಾಂಕಿನ ಕೌಂಟರಿಗೆ ಕಚ್ಚಾ ಕಾಗದವಾಗಿ, ನನ್ನ ಮದುವೆ ತಾಲೂಕಿನಾದ್ಯಂತ ಹಂಚಿಕೆಯಾಯಿತು. ಘಾಟಬೋರಾಳದವರು ಅದರ ಬೆನ್ನ ಮೇಲೆ ಬಿತ್ತನೆಯ ಲೆಕ್ಕ ಹಾಕಿದರು, ಬೇಮಳಖೇಡದವರು ಎಮ್ಮೆಯ ಲೆಕ್ಕ ಹಾಕಿದರು, ಹಳ್ಳಿಖೇಡದವರು ಟ್ರ್ಯಾಕ್ಟರಿನದು. ಕೆಲವರು ಮುಂದಿನ ಮಗ್ಗುಲನ್ನೂ ಓದಿ, ತಡವಾಗಿಯಾದರೂ ಆಮಂತ್ರಣ ಮುಟ್ಟಿತೆಂದು ಅಪ್ಪನಿಗೆ ನಮಸ್ಕಾರ ಹೇಳಿ ಹೋದರಂತೆ. ಆ ವರ್ಷ ಹುಮನಾಬಾದು ಶಾಖೆ ಕಚ್ಚಾ ಕಾಗದಕ್ಕೆ ಬಿಡಿಗಾಸೂ ಖರ್ಚು ಮಾಡಲಿಲ್ಲ. ದತ್ತಾತ್ರಿ ಇದನ್ನು ಮೆಚ್ಚಿ ಹೆಡ್ಡಾಫೀಸಿನಿಂದ ಒಂದು ಪತ್ರ ಬರೆದರು. ಅಪ್ಪ ಅದರ ಹಿಂದೆ ಹಾಲಿನ ಲೆಕ್ಕ ಬರೆದ.

ನಾನು ಪರೀಕ್ಷೆ ಕಟ್ಟಿ ಅದೇ ಬ್ಯಾಂಕಿಗೆ ಸೇರಿದೆ. ಮೊದಲು ರಾಯಚೂರು, ಅಪ್ಪ ನಿವೃತ್ತನಾದ ಮೇಲೆ, 1983ರಲ್ಲಿ, ಹುಮನಾಬಾದಿಗೇ ವರ್ಗವಾಗಿ ಬಂದೆ. ಮದುವೆಯ ಮಾತು ಆಮೇಲೂ ಒಂದೆರಡು ಬಂದವು. ಹುಡುಗರಿಗೆ ನಾನು "ನೀವೇನಂತೀರ್ರಿ?" ಎಂದು ಅದೇ ಒಂದು ಪ್ರಶ್ನೆ ಕೇಳುತ್ತಿದ್ದೆ, ಅವರು ತಂದೆಯ ಮುಖ ನೋಡುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಕೌಂಟರಿನ ಮೇಲೆ ಹಳೆಯ ಬಿಸ್ಕೀಟಿನ ಡಬ್ಬಿಯಲ್ಲಿ ಕಾರ್ಡುಗಳು ಇನ್ನೂ ಇದ್ದವು, ತಳಕ್ಕೆ ಬಂದಿದ್ದವು.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ದಿಗಂಬರ ಬಂದ. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ನನ್ನನ್ನು ಕಂಡು ತಡವರಿಸಿದ. ಮಗನ ಶಾಲೆಗೆ ಡ್ರಾಫ್ಟು ಬೇಕಾಗಿತ್ತು. ಕಮಿಷನ್ ಎಷ್ಟಾಗುತ್ತದೆಂದು ಕೂಡಿಸಲು ಕಾಗದ ಕೇಳಿದ. ಪೀರ್ ಪಾಷಾ ಯಾರೆಂದು ಗುರುತು ಹಿಡಿದೋ ಹಿಡಿಯದೆಯೋ ಡಬ್ಬಿಯಿಂದ ಒಂದನ್ನು ತೆಗೆದು ಅವನ ಮುಂದಿಟ್ಟ.

ಅವನು ಒಂದು ಅಂಕಿ ಬರೆದ. ಕಾಗದ ದಪ್ಪವೆನಿಸಿರಬೇಕು, ತಿರುವಿ ನೋಡಿದ. ಬಂಗಾರದ ಗಣಪತಿ, ದೊಡ್ಡಕ್ಷರದಲ್ಲಿ ಅವನ ತಂದೆಯ ಹೆಸರು, ಅವನ ಹೆಸರು, ಕೊನೆಗೆ ನನ್ನದು. ಬಹಳ ಹೊತ್ತು ಅದನ್ನೇ ನೋಡುತ್ತ ನಿಂತ. ಅವನ ಹಿಂದೆ ಪಾಳಿ ಬೆಳೆಯಿತು.

"ಇವು... ಇನ್ನೂ ಇಟ್ಟೀರೇನ್ರಿ?" ಅಂದ. ನೆನಪಿಗೆಂದು ಕಾಪಾಡಿಕೊಂಡು ಬಂದಿದ್ದೇನೆ ಎಂದು ತಿಳಿದನೋ ಏನೋ, ದನಿ ಮೆತ್ತಗಾಗಿತ್ತು.

"ಮುಗಿಯೂತನಕ ಇರ್ತಾವ್ರಿ," ಅಂದೆ. "ಹಿಂದ ಬರೀರಿ. ಮುಂದ ಜಾಗಾ ಇಲ್ಲ."

"ಹೌದ್ರಿ," ಅಂದ ಅವನು. ಕಾರ್ಡು ತಿರುವಿ, ಹಿಂದೆಯೇ ಬರೆದ.